ವಕೀಲಿ ತೊರೆದ ಕನ್ನಡ ಕುಲಪುರೋಹಿತ ಆಲೂರು ವೆಂಕಟರಾಯರು

ಉದರಂಭರಣಕ್ಕಾಗಿ ಊರು ಬಿಟ್ಟು ಪರಪ್ರಾಂತಗಳಲ್ಲಿ ನೆಲೆಸಿದವರು ನಾವು. ಮಗನು ಚೆನ್ನಾಗಿ ಓದಬೇಕು, ಗೌರವದ ವೃತ್ತಿಯನ್ನು ಹಿಡಿಯಬೇಕು ಎಂಬ ಆಸೆಯಿಂದಲೇ ನಮ್ಮ ಹಿರಿಯರು ಹೊರಟು ಬಂದರು. ಆ ಆಸೆಯಲ್ಲಿ ದೋಷವೇನೂ ಇಲ್ಲ. ಆದರೆ ಹಾಗೆಯೇ ಓದಿ, ಹಾಗೆಯೇ ವೃತ್ತಿಯನ್ನು ಸಂಪಾದಿಸಿ, ಬಳಿಕ ಅದಕ್ಕಿಂತ ಹಿರಿದಾದ ಕಾರ್ಯವೊಂದು ಕರೆದಾಗ ಅದನ್ನು ಬದಿಗಿಟ್ಟು ನಡೆದವರೂ ನಮ್ಮಲ್ಲಿದ್ದಾರೆ. ಅಂಥವರಲ್ಲಿ ಅಗ್ರಗಣ್ಯರು ಆಲೂರು ವೆಂಕಟರಾಯರು.

ವೆಂಕಟರಾಯರು ಜನಿಸಿದ್ದು 1880ರ ಜುಲೈ 12ರಂದು, ವಿಜಾಪುರದಲ್ಲಿ. ತಂದೆ ಭೀಮರಾಯರು ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರು, ತಾಯಿ ಭಾಗೀರಥಿಬಾಯಿ. ಮನೆತನ ಮಾಧ್ವ ಸಂಪ್ರದಾಯದ್ದು. ಉತ್ತರ ಕರ್ನಾಟಕದ ಹಲವು ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಉಚ್ಚ ಶಿಕ್ಷಣಕ್ಕೆ ಅನೇಕರು ಪುಣೆಗೆ ಹೋಗುತ್ತಿದ್ದರು. ರಾಯರು ಅಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ಪದವೀಧರರಾದರು. ಅನಂತರ ಕಾನೂನು ಪದವಿಯನ್ನು ಪಡೆದು 1905ರ ಸುಮಾರಿಗೆ ಧಾರವಾಡದಲ್ಲಿ ವಕೀಲಿಯನ್ನು ಆರಂಭಿಸಿದರು.

ಪುಣೆಯು ಅವರಿಗೆ ಪದವಿಯೊಂದನ್ನೇ ಕೊಡಲಿಲ್ಲ. ಅದು ಲೋಕಮಾನ್ಯ ತಿಲಕರ ಕಾಲ. ಮರಾಠಿಗರಲ್ಲಿ ತಮ್ಮ ಭಾಷೆ, ತಮ್ಮ ಇತಿಹಾಸಗಳ ಬಗೆಗಿದ್ದ ಅಭಿಮಾನವನ್ನು ರಾಯರು ಕಣ್ಣಾರೆ ಕಂಡರು. ಅದನ್ನು ಕಂಡು ಅವರು ಅಸೂಯೆಪಡಲಿಲ್ಲ. ಕನ್ನಡಿಗರಿಗೆ ಇಂಥ ಅಭಿಮಾನವೇಕೆ ಇಲ್ಲವೆಂದು ಚಿಂತಿಸತೊಡಗಿದರು. ಕನ್ನಡನಾಡು ಆಗ ಮುಂಬಯಿ, ಮದರಾಸು ಪ್ರಾಂತಗಳು, ಮೈಸೂರು, ನಿಜಾಮರ ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಧಾರವಾಡದ ಕಡೆಯ ಸುಶಿಕ್ಷಿತರು ಕನ್ನಡ ಬರೆಯಲು ನಾಚುತ್ತಿದ್ದರು.

1905ರಲ್ಲಿಯೇ ರಾಯರು ಆನೆಗೊಂದಿಯ ನವವೃಂದಾವನಕ್ಕೂ ಹಂಪೆಗೂ ಹೋದರು. ಯಾತ್ರೆಗೆಂದು ಹೋದವರು ವಿಜಯನಗರದ ಭಗ್ನಾವಶೇಷಗಳ ನಡುವೆ ಬೇರೊಂದು ದರ್ಶನವನ್ನು ಪಡೆದು ಮರಳಿದರು. ಇಷ್ಟು ದೊಡ್ಡ ಸಾಮ್ರಾಜ್ಯವನ್ನು ಕಟ್ಟಿದ ಜನರ ಮಕ್ಕಳಿಗೆ ಆ ಸಂಗತಿಯೇ ತಿಳಿಯದೆಂಬ ವ್ಯಥೆ ಅವರನ್ನು ಮತ್ತೆ ಬಿಡಲಿಲ್ಲ.

ಆದರೂ ಅವರು ಒಂದೇ ದಿನದಲ್ಲಿ ಕರಿಯ ಕೋಟನ್ನು ಕಳಚಿಡಲಿಲ್ಲವೆಂಬುದನ್ನು ನಾವು ಗಮನಿಸಬೇಕು. ಕೋರ್ಟಿನ ಕೆಲಸದ ಜೊತೆಯಲ್ಲಿಯೇ ಕರ್ನಾಟಕ ವಿದ್ಯಾವರ್ಧಕ ಸಂಘದ ವಾಗ್ಭೂಷಣ ಪತ್ರಿಕೆಯನ್ನು ನಡೆಸಿದರು, ವಿದ್ಯಾರಣ್ಯರ ಚರಿತ್ರೆಯನ್ನು ಬರೆದರು, ಶಾಲೆ ಕಟ್ಟಿದರು. ಕ್ರಮೇಣ ಈ ಕಾರ್ಯವೇ ಬೆಳೆದು, ವಕೀಲಿಗೆ ವೇಳೆಯೂ ಉಳಿಯಲಿಲ್ಲ, ಮನಸ್ಸೂ ಉಳಿಯಲಿಲ್ಲ. ಕೊನೆಗೆ ವೃತ್ತಿಯನ್ನು ತೊರೆದರು. ವಕೀಲರಿಗೆ ಹಣ, ಮಾನಗಳೆರಡೂ ಸಲ್ಲುತ್ತಿದ್ದ ಕಾಲದಲ್ಲಿ ಸಂಸಾರಸ್ಥನೊಬ್ಬನು ಹೀಗೆ ಮಾಡುವುದು ಸಾಮಾನ್ಯ ಸಂಗತಿಯಲ್ಲ. ಅವರು ಬಿಟ್ಟದ್ದು ದುಡಿಮೆಯನ್ನಲ್ಲ, ಗಳಿಕೆಯನ್ನು. ದುಡಿಮೆಯಂತೂ ಇಮ್ಮಡಿಯಾಯಿತು.

ಆ ದುಡಿಮೆಯ ಫಲವೇ 1917ರಲ್ಲಿ ಪ್ರಕಟವಾದ ಕರ್ನಾಟಕ ಗತವೈಭವ. ನಾಡಿನ ಇತಿಹಾಸವನ್ನು ಕುರಿತು ಫ್ಲೀಟ್, ಭಾಂಡಾರಕರ ಮೊದಲಾದ ವಿದ್ವಾಂಸರು ಬರೆದುದೆಲ್ಲ ಇಂಗ್ಲಿಷಿನಲ್ಲಿತ್ತು. ಜನಸಾಮಾನ್ಯರಿಗೆ ಅದು ಎಟುಕದ ಮಾತು. ಕದಂಬ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರದ ಅರಸರ ವೃತ್ತಾಂತವನ್ನು ರಾಯರು ಕನ್ನಡಿಗರ ಮನೆಯ ಮಾತಿನಲ್ಲಿ ಕನ್ನಡಿಗರ ಮುಂದಿಟ್ಟರು. ನ್ಯಾಯಾಲಯದಲ್ಲಿ ಕಕ್ಷಿದಾರನ ಪರವಾಗಿ ವಾದಿಸಬೇಕಾಗಿದ್ದವರು ಇಲ್ಲಿ ಇಡಿಯ ನಾಡಿನ ಪರವಾಗಿ ವಾದಿಸಿದರು. ಕಲಿತ ವಿದ್ಯೆ ವ್ಯರ್ಥವಾಗಲಿಲ್ಲ. ಅದು ಬೇರೆ ಯಜಮಾನನ ಸೇವೆಗೆ ಸಂದಿತು.

1922ರಲ್ಲಿ ಜಯಕರ್ನಾಟಕ ಮಾಸಪತ್ರಿಕೆಯನ್ನು ಹೊರಡಿಸಿದರು. ತಿಲಕರ ಗೀತಾರಹಸ್ಯವನ್ನು ಕನ್ನಡಕ್ಕೆ ತಂದರು. ಶ್ರೀಮದಾಚಾರ್ಯರ ಸಿದ್ಧಾಂತವನ್ನು ತಿಳಿಗನ್ನಡದಲ್ಲಿ ವಿವರಿಸುವ ಗ್ರಂಥಗಳನ್ನೂ ಬರೆದರು. ದೇಶಾಭಿಮಾನ, ಭಾಷಾಭಿಮಾನ, ಭಗವದ್ಭಕ್ತಿ ಇವು ಮೂರೂ ಒಂದನ್ನೊಂದು ಪೋಷಿಸತಕ್ಕವೆಂಬುದು ಅವರ ನಿಲುವು. ಕನ್ನಡವನ್ನು ಪ್ರೀತಿಸಲು ಅನ್ಯಭಾಷೆಯನ್ನು ದ್ವೇಷಿಸಬೇಕಾಗಿಲ್ಲ, ಭಾರತವನ್ನು ಮರೆಯಬೇಕಾಗಿಯೂ ಇಲ್ಲವೆಂಬುದನ್ನು ಅವರು ಬಾಳಿ ತೋರಿಸಿದರು. 1930ರಲ್ಲಿ ಮೈಸೂರಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಸಂದಿತು. ಜನರು ಕನ್ನಡ ಕುಲಪುರೋಹಿತರೆಂದು ಕರೆದರು.

ರಾಯರು ನಾಡಿನ ಏಕೀಕರಣದ ಕನಸನ್ನು ಕಂಡಾಗ ಅವರಿಗೆ ಇಪ್ಪತ್ತೈದರ ಪ್ರಾಯ. ಅದು ಕೈಗೂಡಿದ್ದು 1956ರ ನವೆಂಬರ್ 1ರಂದು, ಎಪ್ಪತ್ತಾರನೆಯ ವಯಸ್ಸಿನಲ್ಲಿ. ಆ ದಿನ ಅವರು ಹಂಪೆಗೆ ಹೋಗಿ ತಾಯಿ ಭುವನೇಶ್ವರಿಯನ್ನು ಪೂಜಿಸಿದರು. ಐವತ್ತು ವರ್ಷಗಳ ಹಿಂದೆ ಎಲ್ಲಿ ಸಂಕಲ್ಪ ಮಾಡಿದ್ದರೋ ಅಲ್ಲಿಯೇ ಅದನ್ನು ದೇವರಿಗೆ ಒಪ್ಪಿಸಿದಂತಾಯಿತು. 1964ರ ಫೆಬ್ರವರಿ 25ರಂದು ಅವರು ಕಾಲವಾದರು. ನಾಡಿಗೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ.

ಎಲ್ಲರೂ ನೌಕರಿಯನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಅದು ಎಲ್ಲರಿಗೂ ಸಾಧ್ಯವಲ್ಲ, ಉಚಿತವೂ ಅಲ್ಲ. ಆದರೆ ನಮ್ಮ ಮನೆಯ ಮಗನೋ ಮಗಳೋ ಸಂಪಾದನೆಯ ದಾರಿಯಿಂದ ಸರಿದು, ಬರೆಯುತ್ತೇನೆ, ಹಾಡುತ್ತೇನೆ, ಶಾಸ್ತ್ರವನ್ನು ಓದುತ್ತೇನೆ ಎಂದು ಬಂದು ನಿಂತರೆ ಒಮ್ಮೆಲೇ ಗದರಿಸದಿರೋಣ. ವರ್ಷಾನುಗಟ್ಟಲೆ ಬಿಡದೆ ದುಡಿಯುವ ಶ್ರದ್ಧೆ ಉಂಟೇ ಎಂದಷ್ಟೇ ಕೇಳೋಣ. ಉಂಟಾದರೆ ಹರಸೋಣ. ಪುಣೆಗೆ ಓದಲು ಬಂದ ಹುಡುಗನೊಬ್ಬನು ಒಂದು ನಾಡನ್ನೇ ಎಚ್ಚರಿಸಿದನೆಂಬುದನ್ನು ಪರಸ್ಥಳದಲ್ಲಿರುವ ನಾವಂತೂ ಮರೆಯಲಾಗದು.