ಮುಳುಗಿದ ಬೆಟ್ಟ ಕಂಡುಹಿಡಿದ ಡಾರ್ವಿನ್



ಡಾರ್ವಿನ್ ಅಂದ ಕೂಡಲೇ ನಮಗೆಲ್ಲ ಮಂಗನ ಚಿತ್ರ ನೆನಪಿಗೆ ಬರುತ್ತದೆ. ಆದರೆ ಅವರು ಮೊದಲು ಹೆಸರು ಮಾಡಿದ್ದು ಕಲ್ಲು, ಬೆಟ್ಟ, ಜ್ವಾಲಾಮುಖಿ ದ್ವೀಪಗಳ ವಿಷಯದಲ್ಲಿ. ಆ ಕಥೆ ನನಗೆ ತುಂಬಾ ಹಿಡಿಸಿತು. ಅದಕ್ಕೇ ಬರೀತಿದ್ದೀನಿ.

ಚಾರ್ಲ್ಸ್ ಡಾರ್ವಿನ್ ಅವರು 1809ನೇ ಇಸವಿ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ಡಾಕ್ಟರು. ಇವರಿಗೆ ಎಂಟು ವರ್ಷವಿದ್ದಾಗಲೇ ತಾಯಿ ತೀರಿಕೊಂಡರು. ಶಾಲೆಯಲ್ಲಿ ಇವರನ್ನು ಯಾರೂ ಜಾಣ ಹುಡುಗ ಅಂತಿರಲಿಲ್ಲ. ಹುಳು, ಚಿಪ್ಪು, ಕಲ್ಲು ಆರಿಸಿ ತರೋದೇ ಇವರಿಗೆ ಇಷ್ಟ. ತಂದೆ ಡಾಕ್ಟರಿಕೆ ಓದಲು ಕಳಿಸಿದರು. ಆಗ ಮೈಮರೆಸುವ ಔಷಧಿ ಇಲ್ಲದೆಯೇ ಆಪರೇಷನ್ ಮಾಡುತ್ತಿದ್ದರು. ಅದನ್ನು ನೋಡಲಾರದೆ ಇವರು ಓದು ಬಿಟ್ಟರು. ಪಾದ್ರಿಯಾದರೂ ಆಗಲಿ ಎಂದು ತಂದೆ ಕೇಂಬ್ರಿಜ್‌ಗೆ ಸೇರಿಸಿದರು.

1831ರಲ್ಲಿ ಬೀಗಲ್ ಎಂಬ ಹಡಗಿನಲ್ಲಿ ಪ್ರಪಂಚ ಸುತ್ತುವ ಅವಕಾಶ ಬಂತು. ತಂದೆ ಬೇಡವೇ ಬೇಡ ಅಂದರು. ಸೋದರಮಾವ ಮಾತಾಡಿ ಒಪ್ಪಿಸಿದರು. ಡಿಸೆಂಬರ್ 27ರಂದು ಹಡಗು ಹೊರಟಾಗ ಡಾರ್ವಿನ್ ಅವರಿಗೆ 22 ವರ್ಷ. ಸಮುದ್ರ ಅವರಿಗೆ ಒಗ್ಗಲೇ ಇಲ್ಲ, ವಾಂತಿಯಿಂದ ಹೈರಾಣಾಗುತ್ತಿದ್ದರು. ಆದರೂ ಸುಮಾರು ಐದು ವರ್ಷ ಹಡಗು ಬಿಡಲಿಲ್ಲ.

1835ರ ಫೆಬ್ರವರಿ 20ರಂದು ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ದೊಡ್ಡ ಭೂಕಂಪ ಆಯಿತು. ಕಡಲ ದಡ ಕೆಲವು ಅಡಿ ಮೇಲೆದ್ದು ಬಿಟ್ಟಿತ್ತು. ಒಂದು ಕಡೆ ನೆಲ ಏಳುವುದಾದರೆ ಇನ್ನೊಂದು ಕಡೆ ಸಮುದ್ರದ ತಳ ಕುಸಿಯಲೂಬಹುದಲ್ವಾ ಎಂದು ಅವರು ಯೋಚಿಸಿದರು.

ಆ ಕಾಲದಲ್ಲಿ ಎಲ್ಲರ ತಲೆ ಕೆಡಿಸಿದ್ದು ಹವಳದ ದ್ವೀಪಗಳು. ಅವು ಬಳೆಯ ಹಾಗೆ ಗುಂಡಗೆ ಇರುತ್ತವೆ, ನಡುವೆ ಕೆರೆಯಂತೆ ತಿಳಿನೀರು. ದಿಬ್ಬ ಕಟ್ಟುವ ಹವಳದ ಜೀವಿಗಳು ಬಿಸಿಲು ತಲುಪುವ ಕಡಿಮೆ ಆಳದಲ್ಲಿ ಮಾತ್ರ ಬದುಕುತ್ತವೆ. ಹಾಗಾದರೆ ಅಷ್ಟು ಆಳದ ಸಾಗರದ ಮಧ್ಯೆ ಅವು ಯಾವುದರ ಮೇಲೆ ನಿಂತಿವೆ?

ಡಾರ್ವಿನ್ ಅವರ ಉತ್ತರವನ್ನು ನಮ್ಮ ಬೆಟ್ಟದಪುರದ ಬೆಟ್ಟ ನೆನೆಸಿಕೊಂಡರೆ ಸುಲಭವಾಗಿ ತಿಳಿಯಬಹುದು. (ನಮ್ಮ ಬೆಟ್ಟ ಜ್ವಾಲಾಮುಖಿ ಅಲ್ಲ, ಆಕಾರಕ್ಕೆ ಮಾತ್ರ ಹೋಲಿಕೆ.) ಬೆಟ್ಟದ ಸುತ್ತ ಸಮುದ್ರ ಇದೆ ಅಂದ್ಕೊಳ್ಳಿ. ನೀರಿನಂಚಿನಲ್ಲಿ ಹವಳ ಬೆಳೆದು ಬೇಲಿ ಕಟ್ಟುತ್ತದೆ. ಬೆಟ್ಟ ನಿಧಾನವಾಗಿ ಮುಳುಗುತ್ತದೆ. ಹವಳ ಮಾತ್ರ ಬಿಸಿಲಿಗಾಗಿ ಮೇಲೆ ಮೇಲೆ ಬೆಳೆಯುತ್ತಲೇ ಇರುತ್ತದೆ. ಕೊನೆಗೆ ತುದಿಯೂ ಮುಳುಗಿ ಬೇಲಿ ಒಂದೇ ಉಳಿಯುತ್ತದೆ. ಹವಳದ ಬಳೆ ಅಂದರೆ ಮುಳುಗಿದ ಜ್ವಾಲಾಮುಖಿಯ ಗುರುತು!

1836ರ ಏಪ್ರಿಲ್‌ನಲ್ಲಿ ಹಡಗು ಹಿಂದೂ ಮಹಾಸಾಗರದ ಕೀಲಿಂಗ್ ಹವಳದ್ವೀಪಕ್ಕೆ ಬಂತು. ದಡದಿಂದ ಬರೀ ಎರಡು ಕಿಲೋಮೀಟರ್ ದೂರದಲ್ಲಿ ಕ್ಯಾಪ್ಟನ್ 7200 ಅಡಿ ಹಗ್ಗ ಇಳಿಬಿಟ್ಟರೂ ತಳ ಸಿಗಲಿಲ್ಲ. ದ್ವೀಪದ ಕೆಳಗೆ ಎತ್ತರದ ಬೆಟ್ಟ ಇರಲೇಬೇಕು ಎಂದು ಡಾರ್ವಿನ್ ಅವರಿಗೆ ಗಟ್ಟಿಯಾಯಿತು. ಊರಿಗೆ ಮರಳಿ 1842ರಲ್ಲಿ ಹವಳದ ದಿಬ್ಬಗಳ ಬಗ್ಗೆ, 1844ರಲ್ಲಿ ಜ್ವಾಲಾಮುಖಿ ದ್ವೀಪಗಳ ಬಗ್ಗೆ ಪುಸ್ತಕ ಬರೆದರು. ಜೀವಿಗಳ ವಿಕಾಸದ ಪುಸ್ತಕ ಬಂದಿದ್ದು ಆಮೇಲೆ, 1859ರಲ್ಲಿ.

ವಯಸ್ಸಾದ ಮೇಲೆ ಕೆಲವು ವಿಜ್ಞಾನಿಗಳು ಇವರ ಹವಳದ ಮಾತು ತಪ್ಪು ಎಂದರು. ಇವರು ಸಿಟ್ಟಾಗಲಿಲ್ಲ. ಯಾರಾದರೂ ಭಾರಿ ಶ್ರೀಮಂತರು ಹವಳದ್ವೀಪಗಳಲ್ಲಿ ಆಳಕ್ಕೆ ಕೊರೆಸಿ ನೋಡಲಿ, ನನ್ನದು ತಪ್ಪಾಗಿದ್ದರೆ ಬೇಗ ಗೊತ್ತಾಗುವುದೇ ಒಳ್ಳೆಯದು ಎಂಬ ಅರ್ಥದಲ್ಲಿ 1881ರಲ್ಲಿ ಒಂದು ಕಾಗದ ಬರೆದರು. ಮುಂದಿನ ವರ್ಷವೇ, 1882ರ ಏಪ್ರಿಲ್ 19ರಂದು ತೀರಿಕೊಂಡರು. ಉತ್ತರ ನೋಡಲಿಲ್ಲ.

1896ರಿಂದ 1898ರವರೆಗೆ ಪೆಸಿಫಿಕ್ ಸಾಗರದ ಫುನಾಫುಟಿ ದ್ವೀಪದಲ್ಲಿ 300 ಮೀಟರಿಗೂ ಹೆಚ್ಚು ಕೊರೆದರು. ಹವಳದ ಸುಣ್ಣಕಲ್ಲು ಮುಗಿಯಲೇ ಇಲ್ಲ. 1952ರಲ್ಲಿ ಎನಿವೆಟಾಕ್ ದ್ವೀಪದಲ್ಲಿ 1200 ಮೀಟರಿಗೂ ಕೆಳಗೆ ಹೋದಾಗ ಕಪ್ಪು ಜ್ವಾಲಾಮುಖಿ ಕಲ್ಲು ಸಿಕ್ಕಿತು! ನಮ್ಮ ಚಾಮುಂಡಿ ಬೆಟ್ಟ ಸಮುದ್ರ ಮಟ್ಟದಿಂದ ಇರುವ ಎತ್ತರಕ್ಕಿಂತಲೂ ಆ ಹವಳದ ಹೊದಿಕೆ ದಪ್ಪ. ಡಾರ್ವಿನ್ ತೀರಿಕೊಂಡು ಆಗಲೇ 70 ವರ್ಷ ಆಗಿತ್ತು. ತಣ್ಣಗಾದ ಸಮುದ್ರದ ತಳ ಭಾರವಾಗಿ ತಗ್ಗುತ್ತಾ ಹೋಗುತ್ತದೆ, ಅದರ ಜೊತೆ ಬೆಟ್ಟವೂ ಇಳಿಯುತ್ತದೆ ಎಂಬ ಕಾರಣ ಈಗ ಗೊತ್ತಾಗಿದೆ.

ಇದೆಲ್ಲ ದೂರದ ಮಾತು ಅನ್ನಬೇಡಿ. ಲಕ್ಷದ್ವೀಪದ ಅಮೀನ್‌ದಿವಿ ದ್ವೀಪಗಳೂ ಹವಳದವೇ. 1956ರ ನವೆಂಬರ್ 1ರವರೆಗೆ ಅವು ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಲಕ್ಷದ್ವೀಪದಿಂದ ದಕ್ಷಿಣಕ್ಕೆ ಮಾಲ್ಡೀವ್ಸ್, ಚಾಗೋಸ್‌ವರೆಗೂ ಸಮುದ್ರದೊಳಗೆ ಒಂದು ಬೆಟ್ಟಸಾಲಿದೆ. 1987ರಲ್ಲಿ ಮಾಲ್ಡೀವ್ಸ್ ಮತ್ತು ಚಾಗೋಸ್ ಹತ್ತಿರ ಕೊರೆದಾಗ ಅಲ್ಲೂ ಲಾವಾ ಕಲ್ಲು ಸಿಕ್ಕಿತು. ಸುಮಾರು 6.6 ಕೋಟಿ ವರ್ಷದ ಹಿಂದೆ ವಿಜಯಪುರ, ಬೆಳಗಾವಿ ಕಡೆ ಲಾವಾ ಹರಿಸಿದ ಭೂಮಿಯೊಳಗಿನ ಬಿಸಿಯೇ ಆ ಸಾಲಿಗೂ ಕಾರಣ ಎಂದು ವಿಜ್ಞಾನಿಗಳು ಹೇಳುತ್ತಾರೆ. ಆ ಕಡೆಯ ಕಪ್ಪು ಮಣ್ಣು ಹೆಚ್ಚಾಗಿ ಆ ಲಾವಾ ಕಲ್ಲಿನಿಂದಲೇ ಆದದ್ದು.

ಡಾರ್ವಿನ್ ಅವರ ಬುದ್ಧಿ ದೊಡ್ಡದು, ನಿಜ. ಆದರೆ ನನಗೆ ಅದಕ್ಕಿಂತ ಇಷ್ಟವಾಗಿದ್ದು, ತಮ್ಮ ಉತ್ತರವನ್ನೇ ಕೊರೆದು ಪರೀಕ್ಷೆ ಮಾಡಲಿ ಅಂತ ಅವರು ಆಸೆಪಟ್ಟದ್ದು.

— ಏಳನೇ ತರಗತಿ ವಿದ್ಯಾರ್ಥಿನಿ, ಪಿರಿಯಾಪಟ್ಟಣ ತಾಲ್ಲೂಕು