ಲೇಡಿ ಮೆಹರ್‌ಬಾಯಿ ಟಾಟಾ

ಪಿಂಪ್ರಿ-ಚಿಂಚವಾಡದಲ್ಲಿ ಟಾಟಾ ಎಂಬ ಹೆಸರನ್ನು ಕೇಳದ ಕನ್ನಡಿಗನಿಲ್ಲ. ಆ ಕಾರ್ಖಾನೆಯ ಪಾಳಿ ಬಿಟ್ಟೊಡನೆ ನಮ್ಮವರ ಹೋಟೆಲುಗಳು ತುಂಬುತ್ತವೆ. ಆದರೆ ಆ ಮನೆತನದ ಸೊಸೆಯೊಬ್ಬರು ನಮ್ಮ ನಾಡಿನಲ್ಲಿ ಬೆಳೆದವರೆಂಬುದನ್ನು ಬಲ್ಲವರು ವಿರಳ.

ಮೆಹರ್‌ಬಾಯಿಯವರು 1879ರಲ್ಲಿ ಮುಂಬಯಿಯಲ್ಲಿ ಜನಿಸಿದರು. ತಂದೆ ಹೊರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಉನ್ನತಾಧಿಕಾರಿಗಳಾಗಿದ್ದುದರಿಂದ ಮಗಳ ವ್ಯಾಸಂಗವು ಬೆಂಗಳೂರು, ಮೈಸೂರುಗಳಲ್ಲಿ ನಡೆಯಿತು. 1898ರಲ್ಲಿ ದೊರಾಬ್‌ಜಿ ಟಾಟಾ ಅವರನ್ನು ವರಿಸಿದರು. ಟೆನಿಸ್ ಆಟದಲ್ಲಿ ಕೀರ್ತಿ ಗಳಿಸಿದರು, ಸ್ತ್ರೀಶಿಕ್ಷಣಕ್ಕಾಗಿ ದುಡಿದರು, ಬಾಲ್ಯವಿವಾಹವನ್ನು ವಿರೋಧಿಸಿದರು.

1931ರಲ್ಲಿ ರಕ್ತದ ಕ್ಯಾನ್ಸರ್ ಅವರನ್ನು ವೇಲ್ಸ್ ನಾಡಿನಲ್ಲಿ ಬಲಿತೆಗೆದುಕೊಂಡಿತು. ಐಶ್ವರ್ಯವೂ ವಿದೇಶದ ವೈದ್ಯವೂ ಅವರನ್ನು ಉಳಿಸಲಿಲ್ಲ. ಮರುವರ್ಷ ಪತಿಯೂ ತಮ್ಮ ಸಂಪತ್ತನ್ನು ಧರ್ಮನಿಧಿಗೆ ಒಪ್ಪಿಸಿ ಕಣ್ಮುಚ್ಚಿದರು. ಆ ನಿಧಿಯಿಂದಲೇ 1941ರಲ್ಲಿ ಮುಂಬಯಿಯ ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. 1962ರಿಂದ ಅದು ಕೇಂದ್ರ ಸರಕಾರದ ಪರಮಾಣು ಶಕ್ತಿ ಇಲಾಖೆಗೆ ಸೇರಿದೆ. ಬಡವರಿಗೆ ಉಚಿತವಾಗಿ ಇಲ್ಲವೆ ಅಲ್ಪ ವೆಚ್ಚದಲ್ಲಿ ಚಿಕಿತ್ಸೆ ನೀಡುತ್ತಿದೆ.

ಬಾಗಿಲು ತೆರೆದಿದ್ದರೂ ನಮ್ಮವರು ತಡವಾಗಿ ತಲುಪುತ್ತಾರೆ. ಪರಸ್ಥಳ, ಪರಭಾಷೆ, ಕೂಲಿ ತಪ್ಪೀತೆಂಬ ಅಂಜಿಕೆ. ತಂಬಾಕು ಅಗಿದು ಬಾಯಿ ಹುಣ್ಣಾದವನು ಊರಿಗೆ ಹೋದಾಗ ತೋರಿಸೋಣವೆಂದು ಜಾತ್ರೆಯವರೆಗೆ ಕಾಯುತ್ತಾನೆ. ನಾವೂ ಮಾಲೀಕರಾಗಿದ್ದಾಗ ರಜೆ ಕೇಳಿದವರ ಮೇಲೆ ರೇಗಿದವರೇ. ಇಂದು ಅದಕ್ಕಾಗಿ ನಾಚುತ್ತೇವೆ.

ಎರಡು ಮೂರು ವಾರಗಳಾದರೂ ಮಾಯದ ಹುಣ್ಣು, ಎದೆಯಲ್ಲಿ ಗಂಟು ಕಂಡವರು ಕೂಡಲೇ ವೈದ್ಯರನ್ನು ಕಾಣಲಿ. ಮಾಲೀಕರು ಆ ದಿನದ ಸಂಬಳವನ್ನು ಹಿಡಿಯದಿರಲಿ.