ಕುದುರೆಯ ಓಟವನ್ನು ಬಿಡಿಸಿಟ್ಟವನು

ಓಡುವ ಕುದುರೆಯ ನಾಲ್ಕೂ ಕಾಲುಗಳು ಒಂದೇ ಕ್ಷಣ ನೆಲ ಬಿಟ್ಟಿರುತ್ತವೆಯೇ? ನೂರೈವತ್ತು ವರ್ಷಗಳ ಹಿಂದೆ ಕುದುರೆ ಸಾಕುವವರಿಗೂ ಚಿತ್ರಕಾರರಿಗೂ ಇದು ಬಗೆಹರಿಯದ ಪ್ರಶ್ನೆಯಾಗಿತ್ತು. ನಾಗಾಲೋಟದ ವೇಗ ನಮ್ಮ ಕಣ್ಣಿಗೆ ದಕ್ಕುವುದಿಲ್ಲ. ಉತ್ತರ ಕೊಟ್ಟವನು ಎಡ್ವರ್ಡ್ ಮೈಬ್ರಿಜ್. ಟೈಮರ್ ಇಟ್ಟು ಚಿತ್ರಗಳನ್ನು ಪರದೆಯ ಮೇಲೆ ಓಡಿಸುವ ನನ್ನಂಥ ಪ್ರೋಗ್ರಾಮರ್‌ಗಳಿಗೆ ಅವನು ಹಿರಿಯಜ್ಜ ಇದ್ದಂತೆ.

1830ರ ಏಪ್ರಿಲ್ 9ರಂದು ಇಂಗ್ಲೆಂಡಿನ ಥೇಮ್ಸ್ ದಂಡೆಯ ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿದಾಗ ಅವನ ಹೆಸರು ಎಡ್ವರ್ಡ್ ಮಗರಿಜ್. ಹರೆಯದಲ್ಲೇ ಊರು ಬಿಟ್ಟು ಅಮೆರಿಕ ಸೇರಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪುಸ್ತಕ ಮಾರಿದ. 1860ರಲ್ಲಿ ಟೆಕ್ಸಾಸ್‌ನಲ್ಲಿ ಅವನಿದ್ದ ಕುದುರೆಗಾಡಿ ಉರುಳಿ ತಲೆಗೆ ಭಾರೀ ಪೆಟ್ಟಾಯಿತು. ಚಿಕಿತ್ಸೆಗೆಂದು ಇಂಗ್ಲೆಂಡಿಗೆ ಹೋದವನು ಕೆಲವು ವರ್ಷಗಳ ಬಳಿಕ ಛಾಯಾಗ್ರಾಹಕನಾಗಿ ಮರಳಿದ. ಯೊಸೆಮಿಟಿ ಕಣಿವೆಯ ಚಿತ್ರಗಳು ಅವನಿಗೆ ಹೆಸರು ತಂದವು.

1872ರಲ್ಲಿ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಅವನನ್ನು ಕರೆಸಿದರು. ಕ್ಯಾಲಿಫೋರ್ನಿಯಾದ ಮಾಜಿ ಗವರ್ನರ್, ರೈಲ್ವೆ ಕಂಪನಿಯ ಒಡೆಯ, ಕುದುರೆಗಳ ಹುಚ್ಚು ಬೇರೆ. ಆದರೆ ಕೆಲಸ ನಡುವೆಯೇ ನಿಂತಿತು. 1874ರಲ್ಲಿ ತನ್ನ ಹೆಂಡತಿಯ ಪ್ರಿಯಕರ ಹ್ಯಾರಿ ಲಾರ್ಕಿನ್ಸ್‌ನನ್ನು ಮೈಬ್ರಿಜ್ ಗುಂಡಿಟ್ಟು ಕೊಂದ. ತಲೆಯ ಪೆಟ್ಟಿನಿಂದ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ವಕೀಲರು ವಾದಿಸಿದರು. ಜ್ಯೂರಿ ಅದನ್ನು ಒಪ್ಪದಿದ್ದರೂ, ಕೊಲೆ ಸಮರ್ಥನೀಯ ಎಂದು 1875ರಲ್ಲಿ ಬಿಡುಗಡೆ ಮಾಡಿತು. ಅವನ ಸಾಧನೆಯನ್ನು ಹೇಳುವಾಗ ಇದನ್ನು ಮುಚ್ಚಿಡುವುದು ಸರಿಯಲ್ಲ.

1878ರ ಜೂನ್‌ನಲ್ಲಿ ಸ್ಟ್ಯಾನ್‌ಫರ್ಡರ ಪಾಲೊ ಆಲ್ಟೊ ತೋಟದಲ್ಲಿ ಓಟದ ಹಾದಿಯ ಪಕ್ಕ ಹನ್ನೆರಡು ಕ್ಯಾಮೆರಾಗಳು ಸಾಲಾಗಿ ನಿಂತವು. ಒಂದರಿಂದ ಇನ್ನೊಂದಕ್ಕೆ 27 ಅಂಗುಲ. ಹಾದಿಗೆ ಅಡ್ಡಲಾಗಿ ಕಟ್ಟಿದ ದಾರವನ್ನು ಕುದುರೆ ಹರಿದಾಗ ವಿದ್ಯುತ್ತಿನ ಮೂಲಕ ಆ ಕ್ಯಾಮೆರಾದ ಶಟರ್ ಬೀಳಬೇಕು. ಜೂನ್ 19ರಂದು ಸ್ಯಾಲಿ ಗಾರ್ಡ್ನರ್ ಎಂಬ ಕುದುರೆ ಓಡಿತು. ನಾಲ್ಕೂ ಕಾಲು ನೆಲ ಬಿಟ್ಟಿದ್ದವು. ಆದರೆ ಚಿತ್ರಕಾರರು ಬರೆಯುತ್ತಿದ್ದಂತೆ ಹಿಂದೆ ಮುಂದೆ ಚಾಚಿಕೊಂಡಲ್ಲ, ಹೊಟ್ಟೆಯ ಕೆಳಗೆ ಒಟ್ಟಾಗಿ ಮಡಚಿಕೊಂಡು.

ತಂಡಕ್ಕೆ ಹೊಸದಾಗಿ ಬಂದ ಎಂಜಿನಿಯರ್‌ಗಳಿಗೆ ಡೆಸ್ಕ್‌ಟಾಪ್ ಪ್ರೋಗ್ರಾಮಿಂಗ್ ಕಲಿಸುವಾಗ ನಾನು ಇದೇ ಚಿತ್ರಗಳನ್ನು ಕೊಡುತ್ತೇನೆ. ಹನ್ನೆರಡನೆಯದರಲ್ಲಿ ಕುದುರೆ ನಿಂತಿದೆ; ಉಳಿದ ಹನ್ನೊಂದು ಸಾಕು. ಎರಡು ಚಿತ್ರಗಳ ನಡುವಿನ ಅಂತರ ಸುಮಾರು ಸೆಕೆಂಡಿನ 25ನೇ ಒಂದು ಭಾಗ, ಅಂದರೆ 40 ಮಿಲಿಸೆಕೆಂಡ್. ಟೈಮರ್‌ಗೆ ಅಷ್ಟು ಕೊಟ್ಟು, ಪ್ರತಿ ಬಡಿತಕ್ಕೂ ಮುಂದಿನ ಚಿತ್ರ ಬಿಡಿಸಿ, ಕೊನೆ ಮುಟ್ಟಿದಾಗ ಮೊದಲಿಗೆ ಬಂದರೆ ಕುದುರೆ ಓಡುತ್ತದೆ. ಆದರೆ ವಿಂಡೋಸ್‌ನ ಸಾಮಾನ್ಯ ಟೈಮರ್ ಸುಮಾರು 15.6 ಮಿಲಿಸೆಕೆಂಡಿನ ಹೆಜ್ಜೆಯಲ್ಲಿ ನಡೆಯುವುದರಿಂದ 40 ಕೇಳಿದರೆ ಹೆಚ್ಚಾಗಿ 47ರ ಹತ್ತಿರ ಸಿಗುತ್ತದೆ. ಪ್ರೋಗ್ರಾಂ ಬೇರೆ ಕೆಲಸದಲ್ಲಿ ಮುಳುಗಿದ್ದರೆ ಕೆಲವು ಬಡಿತಗಳು ತಪ್ಪಿಯೇ ಹೋಗುತ್ತವೆ. ಹಾಗಾಗಿ ಬಡಿತಗಳನ್ನು ಎಣಿಸಬಾರದು. ಕಳೆದ ಸಮಯವನ್ನು ಅಳೆದು ಯಾವ ಚಿತ್ರ ಎಂದು ತೀರ್ಮಾನಿಸಬೇಕು.

ಮೈಬ್ರಿಜ್‌ಗೂ ಇಂಥದೇ ತೊಡಕು. ದಾರ ಅಳೆಯುವುದು ದೂರವನ್ನು, ಕಾಲವನ್ನಲ್ಲ. ಕುದುರೆಯ ವೇಗ ಬದಲಾದರೆ ಚಿತ್ರಗಳ ನಡುವಿನ ಸಮಯವೂ ಬದಲಾಗುತ್ತದೆ. ಮುಂದೆ ಅವನು ಗಡಿಯಾರದ ಯಂತ್ರದಿಂದ ಸಮಾನ ಅಂತರದಲ್ಲಿ ಶಟರ್‌ಗಳನ್ನು ಬೀಳಿಸಿದ. ಅದೇ ಅವನ ಟೈಮರ್. 1879ರಲ್ಲಿ ಜೂಪ್ರಾಕ್ಸಿಸ್ಕೋಪ್ ಎಂಬ ಯಂತ್ರ ಕಟ್ಟಿ, ಗಾಜಿನ ಚಕ್ರದ ಮೇಲೆ ಬಿಡಿಸಿದ ಚಿತ್ರಗಳನ್ನು ತಿರುಗಿಸಿ ಪರದೆಯ ಮೇಲೆ ಕುದುರೆಯನ್ನು ಮತ್ತೆ ಓಡಿಸಿದ. ಸೀಳುಗಳುಳ್ಳ ಇನ್ನೊಂದು ಚಕ್ರ ಎದುರು ತಿರುಗುವುದರಿಂದ ಆಕೃತಿ ಕುಗ್ಗಿ ಕಾಣುತ್ತಿತ್ತು. ಅದಕ್ಕೆಂದೇ ಚಿತ್ರಗಳನ್ನು ಮೊದಲೇ ಉದ್ದಕ್ಕೆ ಎಳೆದು ಬರೆಸುತ್ತಿದ್ದ.

1882ರಲ್ಲಿ ಅವನಿಗೆ ದೊಡ್ಡ ಪೆಟ್ಟು ಬಿತ್ತು. ಸ್ಟ್ಯಾನ್‌ಫರ್ಡರ ಆಶ್ರಯದಲ್ಲಿ ಕುದುರೆಯ ಓಟದ ಪುಸ್ತಕವೊಂದು ಡಾಕ್ಟರ್ ಸ್ಟಿಲ್‌ಮನ್ ಹೆಸರಿನಲ್ಲಿ ಬಂತು. ಕರ್ತೃಗಳ ಸಾಲಿನಲ್ಲಿ ಮೈಬ್ರಿಜ್ ಇರಲಿಲ್ಲ. ಕೂಲಿಗೆ ಬಂದ ಕೆಲಸಗಾರನಷ್ಟೇ ಅವನ ಪಾತ್ರ. ಲಂಡನ್ನಿನ ರಾಯಲ್ ಸೊಸೈಟಿ ಅವನ ಪ್ರಬಂಧವನ್ನು ಕೈಬಿಟ್ಟಿತು. ಮೊಕದ್ದಮೆ ಹೂಡಿದ, ಗೆಲ್ಲಲಿಲ್ಲ. ಹಣ, ಕುದುರೆ, ಶಟರ್‌ಗೆ ನೆರವಾದ ರೈಲ್ವೆ ಎಂಜಿನಿಯರ್, ಎಲ್ಲ ಸ್ಟ್ಯಾನ್‌ಫರ್ಡರದ್ದು ನಿಜ. ಆದರೆ ಸಂಬಳ ಕೊಟ್ಟವರಿಗೆ ಕೆಲಸ ಸೇರಬಹುದು, ಮಾಡಿದವನ ಹೆಸರೂ ಸೇರುತ್ತದೆಯೇ? ಪರಊರಿನಲ್ಲಿ ದುಡಿಯುವ ನಮಗೆ ಈ ಪ್ರಶ್ನೆ ಹೊಸದಲ್ಲ.

ಅವನು ಕೊರಗುತ್ತ ಕೂರಲಿಲ್ಲ. 1884ರಿಂದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮನುಷ್ಯರು, ಪ್ರಾಣಿಗಳು, ಹಕ್ಕಿಗಳ ಚಲನೆಯನ್ನು ಸೆರೆಹಿಡಿದ. 1887ರಲ್ಲಿ 781 ಫಲಕಗಳ ಸಂಪುಟಗಳು ಅವನದೇ ಹೆಸರಿನಲ್ಲಿ ಹೊರಬಂದವು. ಅನಿಮೇಷನ್ ಕಲಿಯುವವರು ಇಂದಿಗೂ ನಡಿಗೆ ಬರೆಯುವ ಮುನ್ನ ಅವನ್ನು ತೆರೆದಿಟ್ಟುಕೊಳ್ಳುತ್ತಾರೆ. 1888ರಲ್ಲಿ ಅವನು ಎಡಿಸನ್‌ರನ್ನು ಭೇಟಿಯಾದ. ಕೆಲವೇ ವರ್ಷಗಳಲ್ಲಿ ಎಡಿಸನ್ ಪ್ರಯೋಗಾಲಯದಿಂದ ಚಲನಚಿತ್ರದ ಯಂತ್ರ ಬಂತು.

ಕೊನೆಗೆ ಹುಟ್ಟಿದೂರಿಗೆ ಮರಳಿ, 1904ರ ಮೇ 8ರಂದು ತೀರಿಕೊಂಡ. ಬದುಕಿನುದ್ದಕ್ಕೂ ಹೆಸರಿನ ಅಕ್ಷರಗಳನ್ನು ತಿದ್ದಿ ತಿದ್ದಿ ಮೈಬ್ರಿಜ್ ಆದವನು ಅವನು. ಸಮಾಧಿಯ ಕಲ್ಲಿನ ಮೇಲೆ ಮಾತ್ರ ಒಂದಕ್ಷರ ತಪ್ಪಾಗಿ ಮೇಬ್ರಿಜ್ ಎಂದು ಕೆತ್ತಿದ್ದಾರೆ. ಸ್ಯಾಲಿ ಓಡಿದ ತೋಟದ ಜಾಗದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಎದ್ದಿತು. ಆ ಹೆಸರು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಮುಂದಿನ ಸಲ ಪರದೆಯ ಮೇಲೆ ಏನಾದರೂ ಕದಲಿದರೆ, ಇನ್ನೊಂದು ಹೆಸರೂ ನೆನಪಾಗಲಿ.